ಬೀಗದಕೈ ಒಳಗೆ ಹೋದ ಮೇಲೆ ಮುಚ್ಚುವ ಬಾಗಿಲು: ಅಬ್ಸಿಸಿಕ್ ಆಮ್ಲದ ಗ್ರಾಹಿ ಸಿಕ್ಕ ಪ್ರಕರಣ

ಕೊಯ್ದು ಗದ್ದೆಯಲ್ಲೇ ಹಾಸಿದ ಭತ್ತದ ಮೇಲೆ ನಾಲ್ಕು ದಿನ ಬಿಡದೆ ಮಳೆ ಹೊಯ್ದರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ತೆನೆಯಲ್ಲೇ ಮೊಳಕೆ ಬರುತ್ತದೆ, ಮಿಲ್ಲಿಗೆ ಹಾಕಿದರೆ ನುಚ್ಚೇ ಹೆಚ್ಚು. ನಾವು ಮಳೆಯನ್ನು ಬೈದುಕೊಂಡು ಸುಮ್ಮನಾಗುತ್ತೇವೆ. ಆದರೆ ಅದಕ್ಕೆ ಮುಂಚೆ ಅಷ್ಟು ದಿನ ಕಾಳು ಯಾಕೆ ಮೊಳೆಯಲಿಲ್ಲ? ತಾಯಿಗಿಡದ ಮೇಲಿದ್ದಾಗ ಅದಕ್ಕೆ ನೀರಿತ್ತು, ಬೆಚ್ಚಗಿತ್ತು, ಉಣ್ಣಲು ಪಿಷ್ಟ ತುಂಬುತ್ತಿತ್ತು. ಮೊಳೆಯಲು ಬೇಕಾದದ್ದೆಲ್ಲ ಇದ್ದೂ ಕಾಳು ತಡೆದುಕೊಂಡಿತ್ತು. ತಡೆದದ್ದು ಅಬ್ಸಿಸಿಕ್ ಆಮ್ಲ ಎಂಬ ಪುಟ್ಟ ಅಣು, ಗಿಡದ ಒಂದು ಹಾರ್ಮೋನು. 15 ಇಂಗಾಲ, 20 ಜಲಜನಕ, 4 ಆಮ್ಲಜನಕ, ಇಷ್ಟೇ ಅದರ ಮೈ. ನೀರಿಲ್ಲದೆ ಬಾಡುತ್ತಿರುವ ಎಲೆಯಲ್ಲೂ ಇದೇ ಅಣು ಏರುತ್ತದೆ; ಪತ್ರರಂಧ್ರಗಳನ್ನು ಮುಚ್ಚಿಸಿ ಇದ್ದಬದ್ದ ನೀರನ್ನು ಉಳಿಸುತ್ತದೆ. ಮುಂದೆ ಚಿಕ್ಕದಾಗಿ ಎಬಿಎ ಎನ್ನುತ್ತೇನೆ.

ಅಣು ಗೊತ್ತಾದದ್ದು 1960ರ ದಶಕದಲ್ಲಿ. ಅದರ ಮಾತನ್ನು ಜೀವಕೋಶದಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ ಎಂಬುದು ಗೊತ್ತಾದದ್ದು 2009ರಲ್ಲಿ. ನಡುವಿನ ನಲವತ್ತಕ್ಕೂ ಹೆಚ್ಚು ವರ್ಷಗಳ ತಡ ಯಾಕೆ ಆಯಿತು, ಕೊನೆಗೆ ಸಿಕ್ಕಿದ್ದು ಹೇಗೆ ಎಂಬುದೇ ಈ ಪ್ರಕರಣ. ಒಂದು ಮಾತು ಮೊದಲೇ: ಹೀಗೆ ಕೇಳಿಸಿಕೊಳ್ಳುವ ಪ್ರೋಟೀನನ್ನು, ಅಂದರೆ ರಿಸೆಪ್ಟರ್ ಅನ್ನು, ನಮ್ಮ ಪಠ್ಯಪುಸ್ತಕಗಳು ಗ್ರಾಹಕ ಎನ್ನುವುದುಂಟು. ಬ್ಯಾಂಕಿನ ಗೋಡೆಯ ಮೇಲೂ ಗ್ರಾಹಕ, ಗಿಡದೊಳಗೂ ಗ್ರಾಹಕ ಎಂದರೆ ನನಗೆ ನಗು ಬರುತ್ತದೆ. ಹಾಗಾಗಿ ಇಲ್ಲಿ ಗ್ರಾಹಿ.

ಕಡತದಲ್ಲಿ ಮೊದಲೇ ಇದ್ದದ್ದು

ಅಮೆರಿಕದ ಡೇವಿಸ್‌ನಲ್ಲಿ ಫ್ರೆಡರಿಕ್ ಅಡಿಕಾಟ್ ಅವರ ತಂಡ ಹತ್ತಿಯ ಎಳೆ ಕಾಯಿಗಳು ಯಾಕೆ ಉದುರುತ್ತವೆ ಎಂದು ಹುಡುಕುತ್ತಿತ್ತು. 225 ಕಿಲೋ ಹತ್ತಿಕಾಯಿಯನ್ನು ಅರೆದು, ಸೋಸಿ, ಬೇರ್ಪಡಿಸಿ 1963ರಲ್ಲಿ ಅವರ ಕೈಗೆ ಬಂದ ಹರಳು 9 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ಅತ್ತ ವೇಲ್ಸ್‌ನಲ್ಲಿ ಫಿಲಿಪ್ ವೇರಿಂಗ್ ಅವರ ತಂಡ ಚಳಿಗಾಲದಲ್ಲಿ ಮರದ ಮೊಗ್ಗುಗಳು ನಿದ್ದೆ ಹೋಗುವುದರ ಹಿಂದೆ ಬಿದ್ದಿತ್ತು. ಅವರು ತಮ್ಮ ವಸ್ತುವನ್ನು ಡಾರ್ಮಿನ್ ಎಂದು ಕರೆದರು. 1965ರಲ್ಲಿ ಜಾನ್ ಕಾರ್ನ್‌ಫೋರ್ತ್ ಇವೆರಡೂ ಒಂದೇ ಅಣು ಎಂದು ತೋರಿಸಿದರು. ಉದುರುವಿಕೆಗೆ ಇಂಗ್ಲಿಷಿನಲ್ಲಿರುವ ಅಬ್ಸಿಶನ್ ಎಂಬ ಪದದಿಂದ ಹೆಸರು ಬಂತು. ಕಾಯಿ ಎಲೆ ಉದುರಿಸುವ ಕೆಲಸ ಮುಖ್ಯವಾಗಿ ಎಥಿಲೀನ್ ಎಂಬ ಬೇರೊಂದು ಹಾರ್ಮೋನಿನದು ಎಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ನಾಮಕರಣ ಮುಗಿದಿತ್ತು.

1984ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರ್ಟೆನ್ ಕೂರ್ನೀಫ್ ಮತ್ತು ಸಂಗಡಿಗರು ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಲದ ಪುಟ್ಟ ಗಿಡದಲ್ಲಿ ಎಬಿಎಗೆ ಕಿವುಡಾದ ತಳಿಗಳನ್ನು ಆರಿಸಿದರು. ಎಬಿಎ ಹಾಕಿದ ತಟ್ಟೆಯಲ್ಲಿ ಬೇರೆ ಬೀಜಗಳೆಲ್ಲ ಸುಮ್ಮನಿದ್ದರೆ ಇವು ಮಾತ್ರ ಚಿಗುರುತ್ತಿದ್ದವು. ಅದರಲ್ಲೊಂದರ ಜೀನ್ 1994ರಲ್ಲಿ ಸಿಕ್ಕಿತು: ಎಬಿಐ1. ಅದು ತಯಾರಿಸುವುದು ಪಿಪಿ2ಸಿ ಗುಂಪಿನ ಒಂದು ಫಾಸ್ಫಟೇಸ್ ಕಿಣ್ವ. ಜೀವಕೋಶದಲ್ಲಿ ಕೈನೇಸ್‌ಗಳು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ, ಫಾಸ್ಫಟೇಸ್‌ಗಳು ಕೀಳುತ್ತವೆ. ಕಚೇರಿಯಲ್ಲಿ ಒಬ್ಬ ಮೊಹರು ಒತ್ತುತ್ತಾ ಹೋದಂತೆ ಹಿಂದೆಯೇ ಇನ್ನೊಬ್ಬ ಅಳಿಸುತ್ತಾ ಬಂದರೆ ಹೇಗೋ ಹಾಗೆ. ಎಬಿಎ ವಿಷಯದಲ್ಲಿ ಮೊಹರು ಒತ್ತುವವರು ಸ್ನಾರ್ಕ್2 ಎಂಬ ಕೈನೇಸ್‌ಗಳು. ಎಬಿಐ1 ಮತ್ತು ಅದರ ಬಂಧುಗಳು ಸಾಮಾನ್ಯ ದಿನಗಳಲ್ಲಿ ಅವುಗಳ ಫಾಸ್ಫೇಟ್ ಕಿತ್ತು ಕೂರಿಸಿರುತ್ತವೆ. ಎಬಿಎ ಬಂದಾಗ ಈ ತಡೆ ಹೇಗೋ ಸಡಿಲವಾಗುತ್ತದೆ. ಆ "ಹೇಗೋ" ಎಂಬ ಪದದೊಳಗೆ ಇಡೀ ಸಮಸ್ಯೆ ಕೂತಿತ್ತು.

ಇಷ್ಟರಲ್ಲಿ 2005ರಲ್ಲಿ ಗಿಡದ ಇನ್ನೆರಡು ಹಾರ್ಮೋನುಗಳಾದ ಆಕ್ಸಿನ್‌ಗೂ ಜಿಬ್ಬರೆಲಿನ್‌ಗೂ ಗ್ರಾಹಿ ಸಿಕ್ಕಿ, ಪುಸ್ತಕಗಳಲ್ಲಿ ಚಿತ್ರ ಬಂದಾಗಿತ್ತು. ಎಬಿಎ ಮುಂದಿನ ಜಾಗ ಖಾಲಿ.

ಸಿಕ್ಕಿತು, ಸಿಕ್ಕಿತು ಎಂದ ಮೂರು ವರ್ಷ

2006ರಲ್ಲಿ ಎಫ್‌ಸಿಎ ಎಂಬ ಪ್ರೋಟೀನೇ ಎಬಿಎ ಗ್ರಾಹಿ ಎಂದು ಒಂದು ತಂಡ ಪ್ರಕಟಿಸಿತು. ಹೂ ಬಿಡುವ ಕಾಲವನ್ನು ನಿಯಂತ್ರಿಸುವ, ಆರ್‌ಎನ್‌ಎ ಹಿಡಿಯುವ ಪ್ರೋಟೀನ್ ಅದು. ಕೇಳಲು ಚೆನ್ನಾಗಿತ್ತು. ನ್ಯೂಜಿಲೆಂಡಿನ ಪ್ರಯೋಗಾಲಯವೊಂದು ಅದೇ ಪ್ರಯೋಗ ಮಾಡಿ ನೋಡಿದರೆ ಎಬಿಎ ಅಂಟುತ್ತಲೇ ಇಲ್ಲ. 2008ರ ಕೊನೆಯಲ್ಲಿ ಮೂಲ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. 2006ರಲ್ಲೇ ಕ್ಲೋರೋಫಿಲ್ ತಯಾರಿಕೆಯ ಕಿಣ್ವವೊಂದರ ತುಣುಕು ಗ್ರಾಹಿ ಎಂಬ ವಾದವೂ ಬಂತು. 2007ರಲ್ಲಿ ಜಿಸಿಆರ್2 ಬಂತು. ಅದು ಜೀವಕೋಶದ ಪೊರೆಯಲ್ಲಿ ಕೂರುವ ಗ್ರಾಹಿ ಎಂದರು. ಬೇರೆಯವರು ಆ ಜೀನ್ ಕೆಡಿಸಿ ನೋಡಿದರು, ಬೀಜಗಳು ಎಬಿಎಗೆ ಎಂದಿನಂತೆಯೇ ಹೆದರಿದವು. 2009ರ ಆರಂಭದಲ್ಲಿ ಇನ್ನೂ ಒಂದು ಜೋಡಿ ಅಭ್ಯರ್ಥಿಗಳು.

ಇವರೆಲ್ಲ ಎಡವಿದರು ಎಂದು ಈಗ ಹೇಳುವುದು ಸುಲಭ. ಆಗಿನ ಮುಖ್ಯ ಸಾಧನವನ್ನು ನೋಡಿ: ವಿಕಿರಣ ಗುರುತು ಹಾಕಿದ ಎಬಿಎಯನ್ನು ಪ್ರೋಟೀನಿನ ಜೊತೆ ಬೆರೆಸು, ಸೋಸು, ಏನು ಉಳಿಯಿತೋ ಎಣಿಸು. ಗಟ್ಟಿಯಾಗಿ ಹಿಡಿದವನೇ ಗ್ರಾಹಿ ಎಂಬುದು ಇದರ ಹಿಂದಿನ ನಂಬಿಕೆ. ಅಸಲಿ ಗ್ರಾಹಿಯ ಗುಟ್ಟು ಏನೆಂದರೆ, ಒಂಟಿಯಾಗಿದ್ದಾಗ ಅದು ಎಬಿಎಯನ್ನು ಗಟ್ಟಿಯಾಗಿ ಹಿಡಿಯುವುದೇ ಇಲ್ಲ. ಅದು ಯಾಕೆಂದು ಮುಂದೆ ಬರುತ್ತದೆ. ಅಂತೂ ಗಟ್ಟಿ ಹಿಡಿತವನ್ನು ಹುಡುಕುತ್ತಾ ಹೋದವರ ಬಲೆಯಿಂದ ಸಡಿಲ ಹಿಡಿತದ ಅಸಲಿ ಆಸಾಮಿ ಜಾರಿಕೊಳ್ಳುತ್ತಲೇ ಇದ್ದ.

ಅಸಲಿ ಹೇಳದ್ದನ್ನು ನಕಲಿ ಹೇಳಿತು

ತಳಿಶಾಸ್ತ್ರದ ದಾರಿಯೂ ಕೈಕೊಟ್ಟಿತ್ತು. ಕೂರ್ನೀಫ್ ಅವರ ವಿಧಾನದಲ್ಲಿ ಸಾವಿರಾರು ಬೀಜಗಳ ಡಿಎನ್‌ಎ ಕೆಡಿಸಿ ಕಿವುಡರನ್ನು ಆರಿಸಿದರೆ, ಗ್ರಾಹಿ ಕೆಟ್ಟವನೂ ಅದರಲ್ಲಿ ಸಿಗಬೇಕಿತ್ತಲ್ಲ? ಎಷ್ಟು ಸಲ ಜಾಲಾಡಿದರೂ ಸಿಕ್ಕಿರಲಿಲ್ಲ.

ಕಾರಣ ಸರಳ. ಅರಾಬಿಡಾಪ್ಸಿಸ್‌ನಲ್ಲಿ ಈ ಗ್ರಾಹಿ ಒಂದಲ್ಲ, ಒಂದೇ ಮನೆತನದ ಹದಿನಾಲ್ಕು. ಕೂಡುಕುಟುಂಬದಲ್ಲಿ ಒಬ್ಬ ಹಾಸಿಗೆ ಹಿಡಿದರೆ ಹಸುವಿನ ಹಾಲು ಕರೆಯುವುದು ನಿಲ್ಲುವುದಿಲ್ಲ, ಇನ್ನೊಬ್ಬ ಚೆಂಬು ಹಿಡಿದು ಕೊಟ್ಟಿಗೆಗೆ ಹೋಗುತ್ತಾನೆ. ಒಂದು ಜೀನ್ ಕೆಟ್ಟರೆ ಉಳಿದವು ಕೆಲಸ ಹಂಚಿಕೊಳ್ಳುತ್ತವೆ, ಬೀಜ ಏನೂ ಆಗದಂತೆ ಇರುತ್ತದೆ.

ಸಸ್ಯವಿಜ್ಞಾನಿ ಸೀನ್ ಕಟ್ಲರ್ ಹಿಡಿದದ್ದು ಬೇರೆ ದಾರಿ. ಗಿಡದಲ್ಲಿಲ್ಲದ, ಪ್ರಯೋಗಾಲಯದಲ್ಲಿ ತಯಾರಾದ ರಾಸಾಯನಿಕಗಳ ರಾಶಿಯಲ್ಲಿ ಬೀಜದ ಮೊಳಕೆ ತಡೆಯುವಂಥವನ್ನು ಅವರ ತಂಡ ಹುಡುಕಿತು. ಸಿಕ್ಕಿದ್ದರಲ್ಲಿ ಒಂದು ವಿಚಿತ್ರವಾಗಿತ್ತು. ಅದರಲ್ಲಿ ಬ್ರೋಮಿನ್ ಇತ್ತು, ಗಂಧಕ ಇತ್ತು, ನ್ಯಾಫ್ತಲೀನ್‌ನ ಜೋಡಿ ಉಂಗುರ ಇತ್ತು. ಮೇಲ್ನೋಟಕ್ಕೆ ಎಬಿಎಗೂ ಅದಕ್ಕೂ ನಂಟೇ ಇಲ್ಲ. ಆದರೂ ಎಬಿಎಗೆ ಕಿವುಡಾದ ಬೀಜಗಳು ಇದಕ್ಕೂ ಕಿವುಡಾಗಿದ್ದವು, ಅಂದರೆ ಇದು ಎಬಿಎಯ ದಾರಿಯಲ್ಲೇ ಕೆಲಸ ಮಾಡುತ್ತಿತ್ತು. ಪೈರಾಬ್ಯಾಕ್ಟಿನ್ ಎಂದು ಹೆಸರಿಟ್ಟರು.

ಆ ತಟ್ಟೆಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಚೀನಾ ಹುಲ್ಲಿನ ಪಾಯಸದಂತೆ ಹೆಪ್ಪುಗಟ್ಟಿದ ಅಗರ್, ಅದಕ್ಕೆ ಬೆರೆಸಿದ ಪೈರಾಬ್ಯಾಕ್ಟಿನ್. ಮೇಲೆ ನಶ್ಯದ ಪುಡಿಯಂತೆ ಉದುರಿಸಿದ ಬೀಜ, ಒಂದೊಂದೂ ಅರ್ಧ ಮಿಲಿಮೀಟರ್. ದಿನಗಳು ಕಳೆದರೂ ಕಂದು ಚುಕ್ಕೆಗಳು ಕಂದಾಗಿಯೇ ಇವೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಸಿರು. ಆ ಹಸಿರು ಮರಿಗಳನ್ನು ಚಿಮಟದಲ್ಲಿ ಎತ್ತಿ ಬೆಳೆಸಿ, ಎಲ್ಲಿ ಕೆಟ್ಟಿದೆ ಎಂದು ನೋಡುತ್ತಾ ಹೋದಾಗ ಮತ್ತೆ ಮತ್ತೆ ಒಂದೇ ಜೀನ್ ಎದುರಾಯಿತು. ಪೈರಾಬ್ಯಾಕ್ಟಿನ್‌ಗೆ ಬಗ್ಗದ್ದು ಎಂಬರ್ಥದಲ್ಲಿ ಅದಕ್ಕೆ ಪಿವೈಆರ್1 ಎಂದರು.

ಅಸಲಿ ಎಬಿಎ ಮನೆಯ ಅಣ್ಣತಮ್ಮಂದಿರನ್ನೆಲ್ಲ ಒಟ್ಟಿಗೇ ಕೂಗುತ್ತದೆ, ಒಬ್ಬ ಓಗೊಡದಿದ್ದರೆ ತಿಳಿಯುವುದಿಲ್ಲ. ನಕಲಿಗೆ ಬೀಜದೊಳಗೆ ಮುಖ್ಯವಾಗಿ ಪಿವೈಆರ್1 ಒಬ್ಬನದೇ ಹೆಸರು ಗೊತ್ತು. ಅವನು ಓಗೊಡದಿದ್ದರೆ ಮೌನ, ಆ ಮೌನವೇ ಸುಳಿವು. ಪಿವೈಆರ್1 ಹೋಲುವ ಉಳಿದ ಹದಿಮೂರಕ್ಕೆ ಪಿವೈಎಲ್1ರಿಂದ 13ರವರೆಗೆ ಹೆಸರು ಬಂತು. ನಾಲ್ಕನ್ನು ಒಟ್ಟಿಗೆ ಕೆಡಿಸಿದ ಗಿಡ ಅಸಲಿ ಎಬಿಎಗೂ ಕಿವುಡಾಯಿತು.

ಜರ್ಮನಿಯ ಮ್ಯೂನಿಕ್‌ನಲ್ಲಿ ಎರ್ವಿನ್ ಗ್ರಿಲ್ ತಂಡ ಹಿತ್ತಲ ಬಾಗಿಲಿನಿಂದ ಅದೇ ಮನೆಗೆ ಬಂತು. ಅವರು ಫಾಸ್ಫಟೇಸನ್ನೇ ಗಾಳವಾಗಿ ಬಿಟ್ಟು ಅದಕ್ಕೆ ಅಂಟುವ ಪ್ರೋಟೀನುಗಳನ್ನು ಹಿಡಿದರು. ಅದೇ ಮನೆತನದ ಒಬ್ಬ ಸಿಕ್ಕಿದ, ಅವರು ಆರ್‌ಸಿಎಆರ್1 ಎಂದು ಕರೆದರು. ಎರಡೂ ಪ್ರಬಂಧಗಳು 2009ರ ಮೇ ತಿಂಗಳಲ್ಲಿ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಇಂದಿಗೂ ಎರಡೂ ಹೆಸರುಗಳನ್ನು ಓರೆಗೆರೆ ಹಾಕಿ ಒಟ್ಟಿಗೆ ಬರೆಯುತ್ತಾರೆ, ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಊರವರ ಬಾಯಲ್ಲಿ ಇನ್ನೊಂದು ಇದ್ದಂತೆ.

ಬಾಗಿಲು, ಚಿಲಕ, ಬೀಗ

ಪಾಠ ಮಾಡುವಾಗ ನಾನು ಬಹಳ ವರ್ಷ ಹಾರ್ಮೋನು-ಗ್ರಾಹಿ ಎಂದರೆ ಬೋರ್ಡಿನ ಮೇಲೆ ಬೀಗ ಮತ್ತು ಬೀಗದಕೈ ಬರೆದದ್ದುಂಟು. ಕೈ ಹೋಯಿತು, ಬೀಗ ತಿರುಗಿತು, ಬಾಗಿಲು ತೆರೆಯಿತು. ಇಲ್ಲಿ ಆಗುವುದು ಅದರ ತದ್ವಿರುದ್ಧ.

2009ರ ಕೊನೆಯ ತಿಂಗಳುಗಳಲ್ಲಿ ಅಮೆರಿಕ, ಜಪಾನ್, ಯುರೋಪ್, ಚೀನಾದ ಹಲವು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಈ ಪ್ರೋಟೀನುಗಳ ಹರಳು ಕಟ್ಟಿ, ಎಕ್ಸ್-ರೇ ಹಾಯಿಸಿ, ಪರಮಾಣುಗಳ ಜಾಗ ಗುರುತಿಸಿದವು. ಅವು ಕಂಡ ಆಕಾರ ಒಂದು ಬಾಗಿದ ಹಾಳೆ, ಅದು ಉದ್ದನೆಯ ಸುರುಳಿಯೊಂದನ್ನು ಅಪ್ಪಿದೆ, ನಡುವೆ ಒಂದು ಪೊಟರೆ. ಬರ್ಚ್ ಮರದ ಪರಾಗದಲ್ಲಿ ಇದೇ ಮಡಿಕೆಯ ಇನ್ನೊಂದು ಪ್ರೋಟೀನಿದೆ, ಯುರೋಪಿನಲ್ಲಿ ವಸಂತ ಬಂದರೆ ಜನ ಸೀನುವುದು ಅದರಿಂದ. ಪ್ರಕೃತಿ ಒಂದೇ ಅಚ್ಚನ್ನು ಎಲ್ಲೆಲ್ಲಿ ಬಳಸುತ್ತದೋ!

ಪೊಟರೆಯ ಬಾಯಲ್ಲಿ ಎರಡು ಸಡಿಲ ಕುಣಿಕೆಗಳಿವೆ. ಒಂದು ಸೆರೀನ್-ಗ್ಲೈಸೀನ್-ಲ್ಯೂಸೀನ್-ಪ್ರೋಲೀನ್-ಅಲನೀನ್ ಎಂಬ ಐದು ಅಮೈನೋ ಆಮ್ಲಗಳದು. ಇದು ಬಾಗಿಲು. ಎದುರಿಗೆ ಹಿಸ್ಟಿಡೀನ್-ಆರ್ಜಿನೀನ್-ಲ್ಯೂಸೀನ್ ಇರುವ ಕುಣಿಕೆ. ಇದು ಚಿಲಕ. ಎಬಿಎ ಇಲ್ಲದಾಗ ಬಾಗಿಲು ಹಾರುಹೊಡೆದು ನಿಂತಿರುತ್ತದೆ. ಪಿವೈಆರ್1ರಂಥ ಕೆಲವು ಗ್ರಾಹಿಗಳು ಆಗ ಇಬ್ಬಿಬ್ಬರಾಗಿ, ಬಾಯಿಗೆ ಬಾಯಿ ಹೊಂದಿಸಿಕೊಂಡು ಕೂತಿರುತ್ತವೆ.

ಎಬಿಎ ಬರುತ್ತದೆ. ಅದರ ಬಾಲದ ತುದಿಯಲ್ಲಿ ಋಣ ವಿದ್ಯುದಂಶದ ಕಾರ್ಬಾಕ್ಸಿಲ್ ಇದೆ. ಅದು ಪೊಟರೆಯ ಆಳಕ್ಕೆ ಇಳಿದು, ಅಲ್ಲಿ ಧನ ವಿದ್ಯುದಂಶ ಹೊತ್ತು ಕಾದಿರುವ ಒಂದು ಲೈಸೀನ್‌ನ ಜೊತೆ ಜೋಡಿಯಾಗುತ್ತದೆ. ಪಿವೈಆರ್1ರಲ್ಲಿ ಅದು 59ನೆಯ ಅಮೈನೋ ಆಮ್ಲ, ನೆನಪಿಟ್ಟುಕೊಳ್ಳಿ. ಎಬಿಎಯ ಉಂಗುರ ಪೊಟರೆಯ ಬಾಯಿಯ ಕಡೆ ಉಳಿಯುತ್ತದೆ. ಎಣ್ಣೆ ಎಣ್ಣೆಯನ್ನು ಸೇರುವಂತೆ ಬಾಗಿಲಿನ ಕುಣಿಕೆ ಈ ಉಂಗುರದ ಮೇಲೆ ಬಾಗಿ ಬೀಳುತ್ತದೆ, ಚಿಲಕ ಹಿಡಿಯುತ್ತದೆ. ಅಂದರೆ ಬೀಗದಕೈ ಏನನ್ನೂ ತೆರೆಯಲಿಲ್ಲ; ಅದು ಒಳಗೆ ಹೋದದ್ದಕ್ಕೇ ಅದರ ಮೇಲೆ ಬಾಗಿಲು ಮುಚ್ಚಿಕೊಂಡಿತು.

ಮುಚ್ಚಿದ ಬಾಗಿಲಿನ ಹೊರಮೈ ಈಗ ಹೊಸ ಗೋಡೆ. ತೆರೆದಿದ್ದಾಗ ಇಲ್ಲದ ಸಮತಟ್ಟು ಜಾಗ. ಇದೇ ಫಾಸ್ಫಟೇಸ್ ಬಂದು ಕೂರುವ ಜಗಲಿ. ಬಾಗಿಲು ಮುಚ್ಚುವಾಗ ಅದರ ಸೆರೀನ್ ಒಳಮುಖದಿಂದ ಹೊರಕ್ಕೆ ತಿರುಗಿ, ಫಾಸ್ಫಟೇಸ್‌ನ ಕೆಲಸ ನಡೆಯುವ ಬಿಲಕ್ಕೇ ಬೆರಳು ತೂರಿಸಿದಂತೆ ತೂರುತ್ತದೆ. ಕಿಣ್ವದ ಬಾಯಿ ಕಟ್ಟಿತು. ಫಾಸ್ಫಟೇಸ್ ಕೂಡ ಬರಿಗೈಯಲ್ಲಿ ಬರುವುದಿಲ್ಲ: ಅದರ ಮೈಯಿಂದ ಹೊರಚಾಚಿದ ಒಂದು ಟ್ರಿಪ್ಟೋಫ್ಯಾನ್ ಬಾಗಿಲು ಚಿಲಕಗಳ ಸಂದಿಗೆ ಹೊಕ್ಕು ಬೀಗವಾಗುತ್ತದೆ. ಆ ಸಂದಿಯಲ್ಲಿ ನೀರಿನ ಒಂದೇ ಒಂದು ಅಣು ಸಿಕ್ಕಿಕೊಂಡಿದೆ. ಅದರ ಒಂದು ಕೈ ಟ್ರಿಪ್ಟೋಫ್ಯಾನ್‌ಗೆ, ಇನ್ನೊಂದು ಎಬಿಎಯ ಉಂಗುರದ ಕೀಟೋನ್‌ಗೆ. ಹಾರ್ಮೋನಿಗೂ ಅದು ಅಡಗಿಸಬೇಕಾದ ಕಿಣ್ವಕ್ಕೂ ಇರುವ ಸಂಪರ್ಕ ಆ ಒಂದು ಹನಿಯ ಮೂಲಕ. ನೀರಿನ ಬರಗಾಲವನ್ನು ಸಾರುವ ಸಂದೇಶ ನೀರಿನ ಅಣುವೊಂದರ ಮೇಲೆ ನಿಂತಿರುವುದನ್ನು ಯಾರೂ ಬೇಕೆಂದು ಹೊಂದಿಸಿದ್ದಲ್ಲ, ಆದರೂ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ.

ಹಳೆಯ ಲೆಕ್ಕಗಳು ಈಗ ಬಗೆಹರಿಯುತ್ತವೆ. ಪಿವೈಎಲ್5 ಒಂಟಿಯಾಗಿದ್ದಾಗ ಎಬಿಎಯನ್ನು ಹಿಡಿಯುವ ಬಲ 1.1 ಮೈಕ್ರೋಮೋಲಾರ್, ಎಚ್‌ಎಬಿ1 ಎಂಬ ಫಾಸ್ಫಟೇಸ್ ಜೊತೆಗಿದ್ದರೆ 38 ನ್ಯಾನೋಮೋಲಾರ್. ಈ ಅಂಕಿ ಕಡಿಮೆಯಾದಷ್ಟೂ ಹಿಡಿತ ಬಿಗಿ, ಅಂದರೆ ಸುಮಾರು ಮೂವತ್ತು ಪಟ್ಟು ಬಿಗಿಯಾಯಿತು. ಬೀಗ ಬೀಳುವವರೆಗೆ ಬಾಗಿಲು ತೆರೆದುಕೊಳ್ಳಬಹುದು, ಎಬಿಎ ಜಾರಬಹುದು. ಪ್ರೋಟೀನನ್ನು ಒಂದೊಂದಾಗಿ ಶುದ್ಧಮಾಡಿ ಎಬಿಎ ಅಂಟುತ್ತದೆಯೇ ಎಂದು ಪರೀಕ್ಷಿಸಿದವರು ಬೀಗವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

1984ರ ಆ ಕಿವುಡು ತಳಿಯ ಕತೆಯೂ ಇಲ್ಲೇ ಮುಗಿಯುತ್ತದೆ. ಅದರ ಎಬಿಐ1ರಲ್ಲಿ 180ನೆಯ ಜಾಗದ ಗ್ಲೈಸೀನ್ ಹೋಗಿ ಆಸ್ಪಾರ್ಟಿಕ್ ಆಮ್ಲ ಬಂದಿತ್ತು. ಗ್ಲೈಸೀನ್ ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು. ಆ ಜಾಗ ಸರಿಯಾಗಿ ಮುಚ್ಚಿದ ಬಾಗಿಲಿಗೆ ಒತ್ತಿಕೊಳ್ಳುವ ಮೈಯಲ್ಲೇ ಇದೆ. ಅಲ್ಲೊಂದು ದಪ್ಪ ಗುಂಪು ಬಂದರೆ ಜಗಲಿಯ ಮೇಲೆ ಕಲ್ಲು ಇಟ್ಟಂತೆ, ಫಾಸ್ಫಟೇಸ್ ಕೂರಲಾಗುವುದಿಲ್ಲ. ಎಬಿಎ ಎಷ್ಟು ಸುರಿದರೂ ಅದು ಸಿಕ್ಕಿಬೀಳುವುದಿಲ್ಲ, ಮೊಹರು ಅಳಿಸುತ್ತಲೇ ಇರುತ್ತದೆ. ಸಾಕ್ಷಿ 25 ವರ್ಷ ಕಪಾಟಿನಲ್ಲೇ ಇತ್ತು, ಓದುವ ಭಾಷೆ ಬರುತ್ತಿರಲಿಲ್ಲ.

ಆಕ್ಸಿನ್ ಮಾಡುವ ಕೆಲಸ ಇದಕ್ಕಿಂತ ಬೇರೆ. ಅದು ಗ್ರಾಹಿಗೂ ಅದರ ಜೋಡಿ ಪ್ರೋಟೀನಿಗೂ ನಡುವೆ ಅಂಟಿನಂತೆ ಎರಡನ್ನೂ ಮುಟ್ಟಿಕೊಂಡು ನಿಲ್ಲುತ್ತದೆ. ಜಿಬ್ಬರೆಲಿನ್ ಎಬಿಎಯ ಬದ್ಧ ವಿರೋಧಿ, ಬೀಜವನ್ನು ಎಬ್ಬಿಸುವುದು ಅದರ ಕಸುಬು. ಆದರೆ ಅದರ ಗ್ರಾಹಿಯಲ್ಲೂ ಹಾರ್ಮೋನಿನ ಮೇಲೆ ಮುಚ್ಚಳ ಬಿದ್ದು, ಮುಚ್ಚಳದ ಮೇಲೆ ಇನ್ನೊಂದು ಪ್ರೋಟೀನ್ ಬಂದು ಕೂರುತ್ತದೆ. ಎರಡೂ ಗ್ರಾಹಿಗಳ ವಂಶ ಬೇರೆ ಬೇರೆ. ಜಗಳವಾಡುವ ಎರಡು ಮನೆಗಳು ಒಂದೇ ನಮೂನೆಯ ಬಾಗಿಲು ಮಾಡಿಸಿಕೊಂಡಿವೆ.

ಲೋಟದೊಳಗೆ ಇಡೀ ದಾರಿ

ಹಲವು ಸಲ ಕೈಸುಟ್ಟುಕೊಂಡಿದ್ದ ಕ್ಷೇತ್ರ ಇದು, ಹರಳಿನ ಚಿತ್ರವೊಂದೇ ಸಾಲದು. 2009ರಲ್ಲೇ ಜಿಯಾನ್-ಕಾಂಗ್ ಝೂ ಅವರ ತಂಡ ಪಿವೈಆರ್1, ಎಬಿಐ1, ಒಂದು ಸ್ನಾರ್ಕ್2, ಆ ಕೈನೇಸ್ ಮೊಹರು ಒತ್ತಬೇಕಾದ ಎಬಿಎಫ್2 ಎಂಬ ಪ್ರೋಟೀನ್, ಇವಿಷ್ಟನ್ನೇ ಶುದ್ಧವಾಗಿ ಪ್ರನಾಳದಲ್ಲಿ ಕೂಡಿಸಿತು. ಗಿಡವಿಲ್ಲ, ಕೋಶವಿಲ್ಲ. ಎಬಿಎ ಹಾಕದಿದ್ದರೆ ಮೊಹರು ಬೀಳಲಿಲ್ಲ, ಹಾಕಿದರೆ ಬಿತ್ತು. ನನ್ನ ಮಟ್ಟಿಗೆ ಪ್ರಕರಣ ಇತ್ಯರ್ಥವಾದದ್ದು ಇಲ್ಲಿ. ಎಲೆಯಲ್ಲಾದರೆ ಹೀಗೆ ಬಿಡುಗಡೆಯಾದ ಕೈನೇಸ್ ಪತ್ರರಂಧ್ರದ ಎರಡು ಬದಿಗಿರುವ ಕಾವಲು ಕೋಶಗಳ ಪೊರೆಯಲ್ಲಿರುವ ಎಸ್‌ಎಲ್‌ಎಸಿ1 ಎಂಬ ಕಾಲುವೆಗೆ ಮೊಹರು ಒತ್ತುತ್ತದೆ, ಋಣ ಅಯಾನುಗಳು ಹೊರಬೀಳುತ್ತವೆ, ಪೊಟ್ಯಾಸಿಯಂ ಹಿಂಬಾಲಿಸುತ್ತದೆ, ನೀರೂ ಹೋಗುತ್ತದೆ. ಗಾಳಿ ಬಿಟ್ಟ ಟ್ಯೂಬಿನಂತೆ ಎರಡೂ ಕೋಶ ಸೊರಗಿ ರಂಧ್ರ ಮುಚ್ಚುತ್ತದೆ.

2012ರಲ್ಲಿ ಇನ್ನೊಂದು ಸ್ವಾರಸ್ಯ ಹೊರಬಂತು. ಫಾಸ್ಫಟೇಸ್ ಕೈನೇಸನ್ನು ಹಿಡಿಯುವ ರೀತಿಯೂ ಗ್ರಾಹಿಯನ್ನು ಹಿಡಿಯುವ ರೀತಿಯೂ ಬಹುಪಾಲು ಒಂದೇ. ಅದೇ ಟ್ರಿಪ್ಟೋಫ್ಯಾನ್ ಅಲ್ಲೂ ಕೈನೇಸ್‌ನ ಸಂದಿಗೆ ಹೊಕ್ಕಿರುತ್ತದೆ. ಮುಚ್ಚಿದ ಗ್ರಾಹಿ ಕೈನೇಸ್‌ನ ವೇಷ ಹಾಕಿ ಅದರ ಜಾಗ ಕಸಿದುಕೊಳ್ಳುತ್ತದೆ.

ಐವತ್ತೊಂಬತ್ತನೆಯ ಲೈಸೀನ್

ಮೊದಲ ಸುಳಿವು ಕೊಟ್ಟ ಪೈರಾಬ್ಯಾಕ್ಟಿನ್‌ಗೂ ಒಂದು ತಿರುವಿದೆ. ಪಿವೈಎಲ್1ರಲ್ಲಿ ಅದು ಬಾಗಿಲು ಮುಚ್ಚಿಸುತ್ತದೆ, ಪಿವೈಎಲ್2ರಲ್ಲಿ ಒಳಗೆ ಕೂತೂ ಬಾಗಿಲನ್ನು ತೆರೆದೇ ಬಿಡುತ್ತದೆ. ಎರಡಕ್ಕೂ ವ್ಯತ್ಯಾಸ ಒಂದೇ ಜಾಗದಲ್ಲಿ ಐಸೋಲ್ಯೂಸೀನ್ ಇದೆಯೋ ವ್ಯಾಲೀನ್ ಇದೆಯೋ ಎಂಬುದು, ಅಂದರೆ ಒಂದು ಇಂಗಾಲದ ಹೆಚ್ಚುಕಡಿಮೆ. ಇಷ್ಟು ನಾಜೂಕಾದ ಪೊಟರೆಯನ್ನು ನಾವೇ ಕೊರೆದು ಬೇರೆ ಅಣುವಿಗೆ ಹೊಂದಿಸಿದರೆ?

ಕಟ್ಲರ್ ತಂಡ 2015ರಲ್ಲಿ ಅದನ್ನು ಮಾಡಿ ತೋರಿಸಿತು. ಅವರು ಆರಿಸಿದ ಅಣು ಮ್ಯಾಂಡಿಪ್ರೊಪಮಿಡ್, ದ್ರಾಕ್ಷಿಯ ಡೌನಿ ರೋಗಕ್ಕೂ ಆಲೂಗಡ್ಡೆಯ ಅಂಗಮಾರಿಗೂ ಹೊಡೆಯುವ ಔಷಧಿ. ಪಿವೈಆರ್1ರಲ್ಲಿ ಆರು ಅಮೈನೋ ಆಮ್ಲ ಬದಲಿಸಿದರು. ಆರರಲ್ಲಿ ಒಂದು ಆ 59ನೆಯ ಲೈಸೀನ್, ಅದರ ಜಾಗಕ್ಕೆ ಆರ್ಜಿನೀನ್. ಈ ಗ್ರಾಹಿಯನ್ನು ಹೊತ್ತ ಅರಾಬಿಡಾಪ್ಸಿಸ್ ಮತ್ತು ಟೊಮ್ಯಾಟೊ ಗಿಡಗಳಿಗೆ ಔಷಧಿ ಸಿಂಪಡಿಸಿದರೆ ಅವು ಬರ ಬಂತೆಂದು ತಿಳಿದು ಪತ್ರರಂಧ್ರ ಮುಚ್ಚಿದವು, ನೀರು ನಿಲ್ಲಿಸಿದರೂ ತಾಳಿದವು. ವಿಜಯಪುರದ ದ್ರಾಕ್ಷಿ ತೋಟದವರು ಈಗಲೇ ಲೆಕ್ಕ ಹಾಕಬೇಕಿಲ್ಲ. ಇದು ಕುಲಾಂತರಿ ಗಿಡದ ಮಾತು. ಅಲ್ಲದೆ ರಂಧ್ರ ಮುಚ್ಚಿದರೆ ಉಳಿಯುವುದು ನೀರು ಮಾತ್ರವಲ್ಲ, ಒಳಬರಬೇಕಾದ ಇಂಗಾಲದ ಡೈ ಆಕ್ಸೈಡ್ ಕೂಡ ಹೊರಗೇ ಉಳಿಯುತ್ತದೆ. ಎಷ್ಟು ದಿನ ಮುಚ್ಚಿಸಬೇಕು ಎಂಬುದು ಹೊಲದಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ.

ಅದೇ ಲೈಸೀನನ್ನು ಪ್ರಕೃತಿಯೂ ಒಂದು ಕಡೆ ಬದಲಿಸಿ ನೋಡಿದೆ. ಮನೆಯ ಕೊನೆಯವನು ಪಿವೈಎಲ್13. ಅವನ ಪೊಟರೆಯ ಆಳದಲ್ಲಿ, ಎಬಿಎಯ ಬಾಲಕ್ಕೆ ಕೈ ಕೊಡಬೇಕಾದ ಜಾಗದಲ್ಲಿ, ಲೈಸೀನ್ ಇಲ್ಲ, ಗ್ಲೂಟಮೀನ್ ಇದೆ. ಎಬಿಎ ಬಂದರೂ ಅವನು ಕಿವಿಗೊಡುವುದಿಲ್ಲ. ಆದರೆ ಫಾಸ್ಫಟೇಸ್‌ಗಳಲ್ಲಿ ಕೆಲವನ್ನು, ಯಾವ ಹಾರ್ಮೋನನ್ನೂ ಕಾಯದೆ, ತಾನಾಗಿಯೇ ಹಿಡಿದು ಕೂರಿಸುತ್ತಾನೆ.